ಬಸ್ಸಿನಲ್ಲೊಂದು ಬಾಟಲಿ, ಬಾಟಲಿಯೊಳಗೊಂದು ನಟ್ಟು

ಬ್ರೇಕ್ ಹಾಕಿದಾಗ ಮುಂದಕ್ಕೆ ಮುಗ್ಗರಿಸುವುದೇಕೆ ಎಂದು ಕೇಳಿದರೆ ಹೈಸ್ಕೂಲಿನ ಮಕ್ಕಳು ಹೆಚ್ಚಾಗಿ ಕೊಡುವ ಉತ್ತರ: "ಜಡತ್ವದ ಬಲ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ." ಜಡತ್ವ ಬಲವೇ ಅಲ್ಲ, ಯಾರೂ ತಳ್ಳದಿದ್ದರೆ ಇದ್ದ ವೇಗದಲ್ಲೇ ಇರುವ ವಸ್ತುವಿನ ಗುಣ. ಈ ವಾಕ್ಯದಲ್ಲಿ ಎರಡು ಚೌಕಟ್ಟುಗಳು, ಅಂದರೆ ಚಲನೆಯನ್ನು ನೋಡುವ ಎರಡು ನೆಲೆಗಳು, ಕಲಸಿಹೋಗಿವೆ. ಅರ್ಧ ವಾಕ್ಯ ರಸ್ತೆ ಬದಿಯಲ್ಲಿ ನಿಂತಿದೆ, ಇನ್ನರ್ಧ ಬಸ್ಸು ಹತ್ತಿದೆ. ಅದನ್ನು ಬಿಡಿಸಲು ಒಂದು ಲೀಟರಿನ ಬಾಟಲಿ, ದಾರ, 8 ಎಂ.ಎಂ. ಬೋಲ್ಟಿನ ನಟ್ಟು ಸಾಕು.

ಮುಚ್ಚಳದ ನಡುವೆ ಕಾದ ಸೂಜಿಯಿಂದ ತೂತು ಮಾಡಿ, ದಾರ ತೂರಿಸಿ ಮೇಲೆ ಗಂಟು ಹಾಕಿ. ಒಳಗೆ 10 ಸೆಂ.ಮೀ. ದಾರ ಇಳಿಬಿದ್ದಿರಲಿ, ತುದಿಗೆ ನಟ್ಟು. ಬಾಟಲಿಗೆ ಬಾಯಿವರೆಗೂ ನೀರು ತುಂಬಿಸಿ. ನೀರೇಕೆಂದರೆ, ಬರಿ ಗಾಳಿಯಲ್ಲಿ ನಟ್ಟು ತೂಗಾಡುತ್ತದೆ. ಬ್ರೇಕ್ ಹಠಾತ್ತಾಗಿ ಬಿದ್ದರೆ ದಾರ ವಾಲಿ ನಿಲ್ಲಬೇಕಾದ ಕೋನದ ಸುಮಾರು ಎರಡರಷ್ಟು ದೂರ ಹಾರಿ ಹಿಂದೆ ಬರುತ್ತದೆ. ಆ ತುದಿಯನ್ನೇ ಅಳೆದರೆ ಲೆಕ್ಕ ಕೆಟ್ಟಿತು. ನೀರು ಆ ತೂಗಾಟವನ್ನು ಬೇಗ ತಣಿಸುತ್ತದೆ, ಕೋನವನ್ನು ಮಾತ್ರ ಬದಲಿಸುವುದಿಲ್ಲ. ಬಾಟಲಿಯನ್ನು ಕೈಯಲ್ಲಿ ಹಿಡಿಯಬೇಡಿ, ಕೈಯೂ ಓಲಾಡುತ್ತದೆ. ಮುಂದಿನ ಸೀಟಿನ ಕಂಬಿಗೆ ರಬ್ಬರ್ ಬ್ಯಾಂಡಿನಿಂದ ನೆಟ್ಟಗೆ ಬಿಗಿಯಿರಿ.

ಮೊದಲು ರೈಲಿನಲ್ಲಿ ನೋಡುವುದು ಒಳ್ಳೆಯದು. ಕಾಸರಗೋಡಿನಿಂದ ಮಂಜೇಶ್ವರದ ಕಡೆಗೆ ಗಾಡಿ ಗಂಟೆಗೆ 72 ಕಿ.ಮೀ. ವೇಗದಲ್ಲಿ ನೇರ ಹಳಿಯ ಮೇಲೆ ಒಂದೇ ಸಮನೆ ಓಡುತ್ತಿದೆ ಎನ್ನಿ. ನಟ್ಟು ನೇರ ಕೆಳಗೆ ತೂಗುತ್ತದೆ, ನಿಲ್ದಾಣದಲ್ಲಿ ನಿಂತಿದ್ದಾಗ ತೂಗಿದಂತೆಯೇ. ಒಂದು ಮೀಟರ್ ಎತ್ತರದಿಂದ ನಾಣ್ಯ ಬಿಟ್ಟರೆ ಅದು ಬೀಳಲು 0.45 ಸೆಕೆಂಡು ಬೇಕು. ಅಷ್ಟರಲ್ಲಿ ರೈಲು 9 ಮೀಟರ್ ಮುಂದೆ ಹೋಗಿರುತ್ತದೆ. ನಾಣ್ಯ ಬೀಳುವುದು ಮಾತ್ರ ಕೈಯ ನೇರ ಕೆಳಗೇ. ಪ್ಲಾಟ್‌ಫಾರಂ ಮೇಲಿನಿಂದ ನೋಡುವವರಿಗೆ ಅದೇ ನಾಣ್ಯ ಬಾಗಿದ ದಾರಿಯಲ್ಲಿ 9 ಮೀಟರ್ ಸಾಗಿ ಬಿದ್ದಿದೆ. ಇಬ್ಬರ ಲೆಕ್ಕವೂ ಸರಿ, ಇಬ್ಬರೂ ಬಳಸಿದ ನಿಯಮ ಒಂದೇ. ಜಡತ್ವೀಯ ಚೌಕಟ್ಟು ಎಂದರೆ ನಿಂತಿರುವ ಚೌಕಟ್ಟು ಎಂದಲ್ಲ. ಯಾರೂ ಏನೂ ಎಳೆಯದ, ತಳ್ಳದ ವಸ್ತುವಿನ ವೇಗವಾಗಲಿ ದಿಕ್ಕಾಗಲಿ ಬದಲಾಗದ ಚೌಕಟ್ಟು.

ಈಗ ಬಸ್ಸು. 60 ಕಿ.ಮೀ. ವೇಗದಿಂದ 6 ಸೆಕೆಂಡಿನಲ್ಲಿ ನಿಂತಿತು ಎನ್ನಿ. ವೇಗ ಇಳಿಯುವ ದರ ಸೆಕೆಂಡಿಗೆ 2.8 ಮೀ./ಸೆ. (ಇಂಥ ದರಕ್ಕೆ ಮಲಯಾಳದಲ್ಲಿ ತ್ವರಣಂ, ನಮ್ಮಲ್ಲಿ ವೇಗೋತ್ಕರ್ಷ, ಇಳಿಯುವಾಗ ಅದಕ್ಕೆ ಋಣ ಚಿಹ್ನೆ). ಇದನ್ನು ಗುರುತ್ವದ 9.78ರಿಂದ ಭಾಗಿಸಿದರೆ ದಾರ ವಾಲುವ ಕೋನದ ಟ್ಯಾಂಜೆಂಟ್ ಸಿಗುತ್ತದೆ; ಕೋನ ಸುಮಾರು 16°. ಹತ್ತು ಸೆಂ.ಮೀ. ದಾರದ ತುದಿಯ ನಟ್ಟು 2.7 ಸೆಂ.ಮೀ. ಮುಂದಕ್ಕೆ ಸರಿಯುತ್ತದೆ. ಇದಕ್ಕಿಂತ ಬಿರುಸಿನ ಬ್ರೇಕಿಗೆ ದಾರ ಬಾಟಲಿಯ ಕುತ್ತಿಗೆಗೆ ತಾಗುತ್ತದೆ, ಆ ಅಳತೆ ಬಿಟ್ಟುಬಿಡಿ.

ರಸ್ತೆಯಲ್ಲಿ ನಿಂತವರ ವಿವರಣೆ: ಮುಂದಕ್ಕೆ ಯಾರೂ ತಳ್ಳಲಿಲ್ಲ. ನಟ್ಟು ತನ್ನ ವೇಗದಲ್ಲೇ ಹೋಗುತ್ತಿತ್ತು, ಬಸ್ಸು ನಿಧಾನವಾಯಿತು. ಓರೆಯಾದ ದಾರ ಹಿಂದಕ್ಕೆಳೆದು ನಟ್ಟನ್ನೂ ನಿಧಾನಗೊಳಿಸಿತು. ಬಸ್ಸಿನೊಳಗಿನವರ ವಿವರಣೆ: ನಟ್ಟು ಓರೆಯಾಗಿ ಸುಮ್ಮನೆ ನಿಂತಿದೆ, ದಾರ ಮಾತ್ರ ಹಿಂದಕ್ಕೆ ಎಳೆಯುತ್ತಿದೆ. ಸರಿದೂಗಿಸಲು ಮುಂದಕ್ಕೊಂದು ಬಲ ಬೇಕೇ ಬೇಕು. ಅದೇ ಮಿಥ್ಯಾಬಲ. 60 ಕೆ.ಜಿ. ತೂಕದ ಆಳಿಗೆ ಅದು 168 ನ್ಯೂಟನ್, ಹೆಚ್ಚುಕಡಿಮೆ 17 ಕೆ.ಜಿ. ಅಕ್ಕಿ ಚೀಲದ ಭಾರ. ಅದು ಮಿಥ್ಯೆ ಏಕೆಂದರೆ ಆ ಬಲ ಹಾಕಿದ ವಸ್ತುವನ್ನು ತೋರಿಸಲಾಗದು, ಹಾಗಾಗಿ ಪ್ರತಿಕ್ರಿಯೆಯೂ ಇಲ್ಲ. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ, ಆರಿಸಿದ ಮೇಲೆ ಕೊನೆಯವರೆಗೂ ಅಲ್ಲೇ ಇರಿ.

ಚೆರ್ಕಳ–ಜಾಲ್ಸೂರು ರಸ್ತೆಯ ತಿರುವುಗಳೂ ಹೀಗೆಯೇ. 40 ಮೀಟರ್ ತ್ರಿಜ್ಯದ ತಿರುವನ್ನು 36 ಕಿ.ಮೀ. ವೇಗದಲ್ಲಿ ದಾಟಿದರೆ ಸ್ಪೀಡೋಮೀಟರ್ ಮುಳ್ಳು ಅಲುಗದು, ನಟ್ಟು ಮಾತ್ರ 14° ಹೊರಕ್ಕೆ ವಾಲುತ್ತದೆ. ಆದರೆ ಅಂಥ ರಸ್ತೆಯಲ್ಲಿ ಏರು ಮೋಸ ಮಾಡುತ್ತದೆ. 12 ಮೀಟರಿಗೆ 1 ಮೀಟರ್ ಏರುವ ಕಡೆ ಬಸ್ಸು ಒಂದೇ ವೇಗದಲ್ಲಿದ್ದರೂ ನಟ್ಟು ಬಾಟಲಿಯೊಳಗೆ 4.8° ಹಿಂದಕ್ಕೆ ಸರಿದಿರುತ್ತದೆ; ಸಮತಟ್ಟಿನಲ್ಲಿ ವೇಗ ಸೆಕೆಂಡಿಗೆ 0.8 ಮೀ./ಸೆ.ನಂತೆ ಏರುತ್ತಿದ್ದರೂ ಅಷ್ಟೇ. ಪರದೆ ಎಳೆದ ಬಸ್ಸಿನಲ್ಲಿ ದಾರವನ್ನು ಮಾತ್ರ ನೋಡಿ ಏರೋ ವೇಗವೋ ಹೇಳಲು ಬಾರದು. ಗುರುತ್ವವನ್ನೂ ವೇಗೋತ್ಕರ್ಷವನ್ನೂ ಒಳಗಿನಿಂದ ಬೇರ್ಪಡಿಸಲಾಗದು ಎಂದು 1907ರಲ್ಲಿ ಐನ್‌ಸ್ಟೈನ್ ಹಿಡಿದ ಎಳೆಗೆ ಇದು ದೂರದ್ದೇನಲ್ಲ.

ಹಾಗಾದರೆ ನೆಲ ಜಡತ್ವೀಯ ಚೌಕಟ್ಟೇ? ಕಾಸರಗೋಡಿನ ನೆಲ ಭೂಮಿಯೊಡನೆ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಸುತ್ತುತ್ತಿದೆ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡ ಹಿಂದೆ ಸರಿದಂತೆ ಕಾಣುವ ಹಾಗೆ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುತ್ತವೆ ಎಂದು ಆರ್ಯಭಟ 499ರಲ್ಲೇ ಹೇಳಿದ್ದ. ಸೊಗಸಾದ ಹೋಲಿಕೆ. ಆದರೆ ಚಲಿಸುವುದು ದೋಣಿಯೋ ದಡವೋ ಎಂದು ಬರೇ ನೋಟದಿಂದ ತೀರ್ಮಾನವಾಗದು. ತೀರ್ಮಾನಕ್ಕೆ ಮತ್ತೆ ನಟ್ಟು, ದಾರವೇ ಬೇಕಾಯಿತು: 1851ರಲ್ಲಿ ಫ್ರೆಂಚ್ ವಿಜ್ಞಾನಿ ಫೂಕೋ ಪ್ಯಾರಿಸ್ಸಿನಲ್ಲಿ 67 ಮೀಟರ್ ತಂತಿಗೆ 28 ಕೆ.ಜಿ. ಗುಂಡು ತೂಗುಹಾಕಿದ. ಕೆಳಗಿನ ನೆಲ ತಿರುಗುತ್ತಿರುವುದರಿಂದ ಅಲ್ಲಿ ತೂಗುವ ಗೆರೆ ಸುಮಾರು 32 ಗಂಟೆಯಲ್ಲಿ ಒಂದು ಸುತ್ತು ತಿರುಗುತ್ತದೆ. 12.5° ಅಕ್ಷಾಂಶದ ನಮ್ಮಲ್ಲಿ ಗಂಟೆಗೆ ಬರೇ 3.2°, ಅದೂ ಪ್ರದಕ್ಷಿಣೆಯಾಗಿ. ಒಂದು ಸುತ್ತಿಗೆ ನಾಲ್ಕೂವರೆ ದಿನದ ಮೇಲೆ. ಶಾಲೆಯ ಜಗಲಿಯಲ್ಲಿ ಮಾಡಹೊರಟವರು ಗುಂಡನ್ನು ಕೈಯಿಂದ ಬಿಡಬಾರದು. ಬೆರಳಿನ ಚೂರು ತಳ್ಳುವಿಕೆಗೂ ಗುಂಡು ಕೋಳಿಮೊಟ್ಟೆಯಾಕಾರದಲ್ಲಿ ಸುತ್ತತೊಡಗುತ್ತದೆ, ಆ ಆಕಾರ ತನ್ನಷ್ಟಕ್ಕೇ ತಿರುಗಿ ಭೂಮಿಯ 3.2°ಯನ್ನು ನುಂಗಿಬಿಡುತ್ತದೆ. ಗುಂಡನ್ನು ನೂಲಿನಿಂದ ಗೋಡೆಗೆ ಎಳೆದು ಕಟ್ಟಿ, ಅಲುಗಾಟ ಪೂರ್ತಿ ನಿಂತ ಮೇಲೆ ನೂಲಿಗೆ ಬೆಂಕಿ ತಾಗಿಸಿ.