ಕಲಾಯಿ

ಇವತ್ತು ಬೆಂಗಳೂರಿನ ನಗರ್ತಪೇಟೆಯ ಗಲ್ಲಿಯೊಂದರಲ್ಲಿ ಅಜ್ಜಿ ಕಾಲದ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದೆ.

ಪಾತ್ರೆ ಚೆನ್ನಾಗಿ ಕಾದ ಮೇಲೆ ಕಲಾಯಿಯವರು ನವಸಾಗರ ಅನ್ನೋ ಉಪ್ಪಿನ (ಅಮೋನಿಯಂ ಕ್ಲೋರೈಡ್) ಪುಡಿ ಉದುರಿಸಿದರು. ದಟ್ಟ ಬಿಳಿ ಹೊಗೆ. ಆಮೇಲೆ ತವರದ ಕಡ್ಡಿಯನ್ನ ಒಳಗೆ ಮುಟ್ಟಿಸಿದರು ಅಷ್ಟೇ, ನೀರಾಗಿ ಹರೀತು. ಬಟ್ಟೆಯಲ್ಲಿ ಒಂದು ಸುತ್ತು ಒರೆಸಿದ್ದೇ ತಡ, ಒಳಗೆಲ್ಲ ಬೆಳ್ಳಿ ಬಣ್ಣ!

ತವರ ಕರಗೋಕೆ 232 ಡಿಗ್ರಿ ಸೆಲ್ಸಿಯಸ್ ಸಾಕು. ಹಿತ್ತಾಳೆಗೆ 900ರ ಆಸುಪಾಸು ಬೇಕು. ಅದಕ್ಕೇ ಪಾತ್ರೆಗೆ ಏನೂ ಆಗಲ್ಲ. ನವಸಾಗರ ಇಲ್ಲದಿದ್ದರೆ ಮಾತ್ರ ಕೆಲಸ ಕೆಡುತ್ತೆ. ಕಾದ ಲೋಹದ ಮೇಲೆ ಕೂತಿರೋ ಆಕ್ಸೈಡ್ ಪೊರೆ ತೆಗೆಯೋದು ಅದೇ. ಪೊರೆ ಹೋಗದೆ ತವರ ಸರಿಯಾಗಿ ಅಂಟಲ್ಲ.

ಹೊರಡುವಾಗ ಅವರು ತವರದ ಸರಳೊಂದನ್ನ ಕಿವಿ ಹತ್ತಿರ ಹಿಡಿದು ಬಗ್ಗಿಸಿದರು. ಕಿರ್ರ್ ಅಂತು. ಒಳಗಿನ ಹರಳುಗಳು ದಿಕ್ಕು ಬದಲಿಸೋ ಸದ್ದದು. ಓದಿದ್ದೆ, ಕೇಳಿದ್ದು ಇವತ್ತೇ. ಎಷ್ಟು ಖುಷಿಯಾಯ್ತು ಅಂದ್ರೆ ಇನ್ನೊಂದು ಸಲ ಬಗ್ಗಿಸಿ ಅಂತ ಕೇಳಿದೆ.

ಈ ಕೆಲಸ ಬಲ್ಲ ಕೈಗಳು ನಮ್ಮ ಪೇಟೆಯಲ್ಲಿ ಉಳೀಬೇಕು. ಮನೇಲಿ ಹಿತ್ತಾಳೆ ಪಾತ್ರೆ ಇದ್ದರೆ ಅಟ್ಟದಿಂದ ಇಳಿಸಿ. ಹುಳಿ, ಸಾರು ಮಾಡೋದಾದ್ರೆ ಕಲಾಯಿ ಇರಲೇಬೇಕು. ಹಾಕಿಸುವಾಗ ಶುದ್ಧ ತವರವೇ ಅಂತ ಕೇಳಿ. ಸೀಸ ಬೆರೆತದ್ದು ಅಡುಗೆ ಪಾತ್ರೆಗೆ ಬೇಡವೇ ಬೇಡ.