ಜಮ್ಮುವಿನಲ್ಲಿ ಅಜ್ಜನ ಎಡೆ

"ಮುತ್ತಜ್ಜನಿಗೆ ನಮ್ಮನೆ ದಾರಿ ಗೊತ್ತಾ ಅಪ್ಪ?"

ದೀಪಾವಳಿ ಪಾಡ್ಯದ ಬೆಳಿಗ್ಗೆ ಎಡೆ ಇಡುವ ಜಾಗ ಒರೆಸುತ್ತಿದ್ದೆ. ಮಗಳು ಬಾಗಿಲಲ್ಲಿ ನಿಂತು ಕೇಳಿದಳು. ಹಿರಿಯರು ಬಂದು ಉಂಡು ಹೋಗುತ್ತಾರೆ ಅಂತ ಅವಳಮ್ಮ ಹೇಳಿದ್ದಳಂತೆ. ದಾವಣಗೆರೆಯ ನಿಟ್ಟುವಳ್ಳಿ ಎಲ್ಲಿ, ಜಮ್ಮು ಎಲ್ಲಿ? ಅವಳಿಗೆ ಅದೇ ಚಿಂತೆ.

"ಗೊತ್ತು ಪುಟ್ಟಿ. ನಮ್ಮ ಮನೆಯಲ್ಲಿ ಮೊದಲು ಈ ಕಡೆ ಬಂದವನೇ ಅವನು" ಅಂದೆ. ಅವಳಿಗೆ ಸಮಾಧಾನ ಆಯಿತು. ಪಟಾಕಿ ಹುಡುಕಿಕೊಂಡು ಓಡಿದಳು.

ಅಜ್ಜ ಹೋಗಿ ವರ್ಷ ತುಂಬಿರಲಿಲ್ಲ ಅಂತ ಕಳೆದ ಸಲ ಹಬ್ಬ ಮಾಡಲಿಲ್ಲ. ಈ ದೀಪಾವಳಿಗೇ ಅವನು ಹಿರಿಯರ ಸಾಲಿಗೆ ಸೇರಿದ್ದು. ಊರಲ್ಲಿ ಅಪ್ಪ ಎಡೆ ಇಡುತ್ತಾರೆ. ನನಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ. "ನೀನೂ ಅಲ್ಲೇ ಇಡಪ್ಪ, ಎರಡು ಕಡೆ ಉಂಡರೆ ಅವನಿಗೇನು ಬ್ಯಾಸರ ಇಲ್ಲ" ಅಂದರು ಅಪ್ಪ.

ಅಮ್ಮ ಪಾರ್ಸೆಲ್ ಕಳಿಸಿದ್ದಳು. ಅಜ್ಜನಿಗೆ ಪಂಚೆ, ಟವೆಲ್ಲು. ಅಜ್ಜಿಗೆ ಸೀರೆ, ಕುಪ್ಪಸದ ಕಣ. ಜೊತೆಗೆ ಒಂದು ಚೀಲ ಮಂಡಕ್ಕಿ. ಸಂಜೆ ಮಂಡಕ್ಕಿ, ಮಿರ್ಚಿ ಇಲ್ಲದಿದ್ದರೆ ಅಜ್ಜನಿಗೆ ದಿನ ಮುಗಿದ ಹಾಗೆಯೇ ಇರುತ್ತಿರಲಿಲ್ಲ. ಹೆಂಡತಿ ನಸುಕಿಗೇ ಎದ್ದು ಹೂರಣ ರುಬ್ಬಿದ್ದಳು. ಡೈರಿಯವನು ಸಗಣಿ ತಂದುಕೊಟ್ಟ. ಚೆಂಡು ಹೂವಿಗೆ ಇಲ್ಲಿ ಬರವೇ ಇಲ್ಲ. ಸಗಣಿಯಲ್ಲಿ ಮಾಡುವ ಹಟ್ಟಿಲಕ್ಕವ್ವ, ಪಾಂಡವರು ಎಲ್ಲ ತಯಾರಾದರು. ಅವರಿಗೆ ಸಿಕ್ಕಿಸಲು ಉತ್ತರಾಣಿ ಕಡ್ಡಿ ಮಾತ್ರ ಇಲ್ಲ.

ದಾವಣಗೆರೆಯಲ್ಲಾದರೆ ಹಬ್ಬದ ಹಿಂದಿನ ದಿನ ಗಡಿಯಾರ ಕಂಬದ ಹತ್ತಿರ ಹೋದರೆ ಸಾಕು. ಬ್ರಹ್ಮದಂಡೆ, ಉತ್ತರಾಣಿ, ಕಾಚಿಕಡ್ಡಿ ಕಟ್ಟುಗಟ್ಟಲೆ ಸಿಗುತ್ತವೆ. ಆದರೆ ಅಜ್ಜ ಯಾವತ್ತೂ ಕೊಂಡು ತರಲಿಲ್ಲ. ಜಗಳೂರು ಕಡೆ ನಮ್ಮ ಹೊಲ ಇತ್ತು. ಅಲ್ಲಿಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಬದುವಿನ ಮೇಲೆ ಅವನೇ ಮುಂದೆ. "ನನ್ನ ಹೆಜ್ಜೆ ಮ್ಯಾಲೆ ಹೆಜ್ಜೆ ಇಡು ಮಗಾ. ಆ ಕಡಿ ಈ ಕಡಿ ಹೋಗಬ್ಯಾಡ." ಹಾವಿನ ಭಯಕ್ಕೆ ಹೇಳುತ್ತಾನೆ ಅಂತ ನಾನು ತಿಳಿದಿದ್ದೆ. ಜಾತ್ರೆಗೆ ಹೋದರೂ ಅದೇ ಮಾತು. ಅಜ್ಜಿಯನ್ನು ದುಗ್ಗಮ್ಮನ ಗುಡಿಗೆ ಕರೆದುಕೊಂಡು ಹೋದರೂ ಎರಡು ಹೆಜ್ಜೆ ಮುಂದೆ ಅವನು, ಹಿಂದೆ ನಾವೆಲ್ಲ ಸಾಲಾಗಿ.

ಅಜ್ಜ ಸೈನ್ಯದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ. ಹುಟ್ಟಿದ್ದು 1938ರಲ್ಲಿ. ಇಪ್ಪತ್ತು ತುಂಬುವಷ್ಟರಲ್ಲಿ ಬೆಂಗಳೂರಿನ ಹಲಸೂರಿಗೆ ಹೋಗಿ ಭರ್ತಿಯಾಗಿದ್ದ. ಸ್ಯಾಪರ್ ಅಂದರೆ ಸೇತುವೆ ಕಟ್ಟುವವನು, ನೆಲದಲ್ಲಿ ಹೂತ ಸ್ಫೋಟಕ, ಅಂದರೆ ಮೈನ್ ತೆಗೆಯುವವನು. ಉಳಿದವರು ಬರುವ ಮುಂಚೆ ನೆಲದ ಮೇಲೆ ಕಾಲಿಡುವವನು.

1971ರ ಯುದ್ಧದಲ್ಲಿ, ಡಿಸೆಂಬರ್ 15ರ ರಾತ್ರಿ ಅವನು ಬಸಂತರ್ ಹೊಳೆಯ ಹತ್ತಿರ ಇದ್ದ. ಪಾಕಿಸ್ತಾನದವರು ನೆಲದ ತುಂಬ ಮೈನ್ ಹೂತಿದ್ದರು. ಅದನ್ನು ತೆಗೆದು ನಮ್ಮ ಟ್ಯಾಂಕುಗಳಿಗೆ ದಾರಿ ಮಾಡುವುದು ಅಜ್ಜನ ಒಂಬತ್ತನೇ ಇಂಜಿನಿಯರ್ ರೆಜಿಮೆಂಟಿನ ಕೆಲಸ. ಕತ್ತಲಲ್ಲಿ ಮಂಡಿಯೂರಿ, ನೆಲವನ್ನು ಓರೆಯಾಗಿ ಚುಚ್ಚಿ ನೋಡುತ್ತಾ, ಗೇಣು ಗೇಣೇ ಮುಂದಕ್ಕೆ ಹೋಗಬೇಕು. ತೆರವಾದ ಕಡೆ ಬಿಳಿ ಪಟ್ಟಿ ಎಳೆಯಬೇಕು. ಕೆಲಸ ಅರ್ಧ ಆಗಿರುವಾಗಲೇ ಆ ಕಡೆಯ ಟ್ಯಾಂಕುಗಳು ಬರುತ್ತಿವೆ ಅಂತ ಸುದ್ದಿ ಬಂತು. ನಮ್ಮ ಪೂನಾ ಹಾರ್ಸ್ ಪಡೆಯ ಟ್ಯಾಂಕುಗಳು ಕಾಯಲಿಲ್ಲ, ತೆಗೆಯದ ಮೈನುಗಳ ನಡುವೆಯೇ ನುಗ್ಗಿದವು. ಮರುದಿನ ಅದೇ ಟ್ಯಾಂಕ್ ಪಡೆಯ ಅರುಣ್ ಖೇತರ್‌ಪಾಲ್ ಪ್ರಾಣ ಕೊಟ್ಟರು. ಆಗ ಅವರಿಗೆ ಬರೀ 21 ವರ್ಷ. ಪರಮವೀರ ಚಕ್ರ ಬಂತು. ಸ್ಯಾಪರುಗಳ ಮೇಜರ್ ವಿಜಯ್ ರತನ್ ಚೌಧರಿ ಕೂಡ ಉಳಿಯಲಿಲ್ಲ. ಅವರಿಗೆ ಮಹಾವೀರ ಚಕ್ರ. ಮೇಜರ್ ಸಾಹೇಬರ ಹೆಸರು ಹೇಳುವಾಗ ಅಜ್ಜ ಕುಂತಲ್ಲಿಂದ ಎದ್ದು ನಿಲ್ಲುತ್ತಿದ್ದ.

ಪಶ್ಚಿಮ ಗಡಿಯಲ್ಲಿ 17ರ ರಾತ್ರಿ 8 ಗಂಟೆಗೆ ಗುಂಡಿನ ಸದ್ದು ನಿಂತಿತು. ಊರಿಗೆ ಕಾಗದ ಬರಲು ಎಷ್ಟೋ ದಿನ ಹಿಡಿಯಿತು. ಅದರ ಮೇಲೆ ಬರೀ 56 ಎಪಿಓ ಅಂತ, ಸೈನ್ಯದ ಅಂಚೆ ಕಚೇರಿಯ ವಿಳಾಸ. ಅಜ್ಜಿ ಅದನ್ನೇ ಊರು ಅಂದುಕೊಂಡಿದ್ದಳು. ಅಪ್ಪ ಆಗ ಚಿಕ್ಕವರು. ಮೇಷ್ಟ್ರ ಮನೆಗೆ ಹೋಗಿ ಕಾಗದ ಓದಿಸುವಾಗ "ಆ ಊರಿಗೆ ಬಸ್ಸು ಐತಾ ಮೇಷ್ಟ್ರೇ?" ಅಂತ ಕೇಳುತ್ತಿದ್ದಳಂತೆ. ಗಂಡ ಎಲ್ಲಿದ್ದಾನೆ ಅಂತ ತಿಳಿಯದೆ ಆ ಚಳಿಗಾಲ ಹೇಗೆ ಕಳೆದಳೋ.

ಇಷ್ಟು ಹೊತ್ತೂ ನಾನು ಸಗಣಿ ಕೈಯಲ್ಲೇ ಕೂತಿದ್ದೆ. "ಉತ್ತರಾಣಿ ಇಲ್ಲದಿದ್ರೆ ಹೂವೇ ಸಿಕ್ಕಿಸೋಣ, ಹೊತ್ತಾಯ್ತು" ಅಂದಳು ಹೆಂಡತಿ.

ಆಗ ಬಂದವರು ಪಕ್ಕದ ಮನೆಯ ಮಾತಾಜಿ. ಎಪ್ಪತ್ತರ ಹತ್ತಿರ ವಯಸ್ಸು. ಮಿಠಾಯಿ ಡಬ್ಬಿ ಕೊಡಲು ಬಂದಿದ್ದರು. ಫೋನಿನಲ್ಲಿ ಉತ್ತರಾಣಿಯ ಚಿತ್ರ ತೋರಿಸಿದೆ. ಒಂದೇ ನೋಟಕ್ಕೆ ಗುರುತು ಹಿಡಿದರು. ಮಂಡಿ ನೋವಿನವರು, ನಮ್ಮ ಮೆಟ್ಟಿಲು ಹತ್ತುವುದೇ ಅವರಿಗೆ ಕಷ್ಟ. ಆದರೂ ಕಾಲುವೆ ಪಕ್ಕದ ಖಾಲಿ ಸೈಟಿನವರೆಗೆ ತಾವೇ ನಡೆದು ಹೋಗಿ ದುಪಟ್ಟಾದಲ್ಲಿ ಕಟ್ಟಿಕೊಂಡು ತಂದರು. ಹಸಿ ಹಸಿ ಉತ್ತರಾಣಿ, ಬೇರು ಸಮೇತ. ನಾನು ಹೋಗ್ತಿದ್ದೆನಲ್ಲ ಅಂದರೆ, ನಿಮಗೆ ಸಿಗುತ್ತಿರಲಿಲ್ಲ ಅಂತ ನಕ್ಕರು.

ಯಾರ ಪೂಜೆ ಅಂತ ಕೇಳಿದರು. ಹೇಳಿದೆ. ಮಾತಾಜಿ ಸಾಂಬಾ ಕಡೆಯ ಗಡಿ ಹಳ್ಳಿಯವರು. 1971ರಲ್ಲಿ ಇನ್ನೂ ಹುಡುಗಿ. ಎಮ್ಮೆ ಹೊಡೆದುಕೊಂಡು ಊರು ಬಿಟ್ಟಿದ್ದು, ವಾಪಸ್ ಬಂದ ಮೇಲೂ ಮಕ್ಕಳನ್ನು ಹೊಲಕ್ಕೆ ಬಿಡದೇ ಇದ್ದದ್ದು ಎಲ್ಲ ಅವರಿಗೆ ನೆನಪಿದೆ. ತಲೆ ಮೇಲೆ ಸೆರಗು ಹೊದ್ದು ಅಜ್ಜನ ಫೋಟೋದ ಮುಂದೆ ಕೈ ಮುಗಿದರು. ಒಂದು ಮಾತೂ ಆಡಲಿಲ್ಲ.

ಬಸಂತರ್ ಹೊಳೆ ಸಾಂಬಾ ಊರಿನ ಪಕ್ಕವೇ ಹರಿಯುತ್ತದೆ. ಇಲ್ಲಿಂದ ಸುಮಾರು 40 ಕಿಲೋಮೀಟರ್. ವರ್ಗವಾಗಿ ಬಂದ ಮೊದಲ ಚಳಿಗಾಲದಲ್ಲಿ ಅಲ್ಲಿಂದ ಅಜ್ಜನಿಗೆ ವಿಡಿಯೋ ಕಾಲ್ ಮಾಡಿದ್ದೆ. ಹೊಳೆ ತೋರಿಸಿದೆ, ಸೇತುವೆ ತೋರಿಸಿದೆ. ಅವನಿಗೆ ಅದು ಬೇಡವಾಗಿತ್ತು. "ಹೊಲ ತೋರ್ಸು" ಅಂದ. ಫೋನ್ ತಿರುಗಿಸಿದೆ. ಹಸಿರು ಗೋಧಿ. "ಬಿತ್ತ್ಯಾರಲ್ಲ!" ಅಂದ. "ನೆಲ ಚೊಲೋ ಐತಿ ನೋಡು." ಅಷ್ಟು ಖುಷಿಯಾಗಿ ಅವನು ಮಾತಾಡಿದ್ದನ್ನು ಆಮೇಲೆ ನಾನು ಕೇಳಲಿಲ್ಲ. ಮುಂದಿನ ಮಳೆಗಾಲದಲ್ಲಿ ಹೋದ. ಜಮ್ಮುವಿನಿಂದ ದಿಲ್ಲಿ, ದಿಲ್ಲಿಯಿಂದ ಬೆಂಗಳೂರು, ಅಲ್ಲಿಂದ ರೈಲು. ಮಣ್ಣಿಗೆ ನಾನು ಸಿಗಲಿಲ್ಲ. ಯಾರೂ ನನ್ನನ್ನು ಏನೂ ಅನ್ನಲಿಲ್ಲ, ಆದರೂ ಅದು ಒಳಗೆ ಕೂತಿದೆ.

ಪದಕಗಳ ಬಗ್ಗೆ ಅವನು ಮಾತಾಡಿದ್ದು ಕಡಿಮೆ. ನನಗೂ ನೆನಪಾಗುವುದು ಅಜ್ಜಿಗೆ ಲಕ್ವ ಹೊಡೆದ ಮೇಲಿನ ಅಜ್ಜನೇ. ನಿವೃತ್ತಿಯಾದ ಮೇಲೆ ಗಾರ್ಡ್ ಕೆಲಸಕ್ಕೆ ಹೋಗುತ್ತಿದ್ದ, ಅದನ್ನು ಅವತ್ತೇ ಬಿಟ್ಟ. ತಾನೇ ಅವಳಿಗೆ ಸ್ನಾನ ಮಾಡಿಸುತ್ತಿದ್ದ, ತಲೆ ಬಾಚಿ ಜಡೆ ಹಾಕುತ್ತಿದ್ದ. ಸೈನ್ಯದ ಅಡುಗೆಮನೆ ಲಂಗರಿನಲ್ಲಿ ಕಲಿತ ಕೈ, ರೊಟ್ಟಿಯನ್ನೂ ತಾನೇ ಬಡಿಯುತ್ತಿದ್ದ. "ಇಷ್ಟು ವರ್ಷ ಅವಳು ಒಬ್ಬಳೇ ಮನಿ ನೋಡಿಲ್ಲೇನು?" ಅನ್ನುತ್ತಿದ್ದ. ಅವಳಿಗೆ ಬಿಪಿ ಇತ್ತು, ಊಟಕ್ಕೆ ಉಪ್ಪು ಇಲ್ಲ. ಅವಳು ಹೋದ ಮೇಲೂ ಪ್ರತಿ ದೀಪಾವಳಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು, ಸಾರಿಗೆ ಉಪ್ಪು ಬೀಳುವ ಮುಂಚೆ ಅವಳ ಪಾಲು ತೆಗೆಸಿಯೇ ಒಳಗೆ ಹೋಗುತ್ತಿದ್ದ.

ಮಂಗಳಾರತಿ ಆಗುವಾಗ ಊರಿಂದ ಫೋನ್ ಬಂತು. ಪುಟ್ಟಿ ಎಡೆ ತೋರಿಸಿದಳು. ಹೋಳಿಗೆ, ಕಡುಬು, ಕೋಸಂಬರಿ, ಮಂಡಕ್ಕಿ, ಮಾತಾಜಿಯ ಮಿಠಾಯಿ. ಅಪ್ಪ ಎಲ್ಲ ನೋಡಿದರು.

"ಅವ್ವನ ಸಾರು ಬ್ಯಾರೆ ತೆಗೆದೀರೇನೋ?"

"ತೆಗೆದೀವಪ್ಪ. ಎಡಗಡೆ ಬಟ್ಟಲು ನೋಡ್ರಿ."

"ಹಂಗಾದ್ರೆ ಸರಿ. ಉಣ್ರಿ, ಹೊತ್ತಾತು" ಅಂದರು.