ಚಿಗುಸಾ ನಗಾಯೊ ಪಣಕ್ಕಿಟ್ಟ ಕೂದಲು

ನಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಐವತ್ತು ದಾಟಿದ ಜಪಾನಿ ಹೆಂಗಸೊಬ್ಬರಿದ್ದಾರೆ. ಅವರು ದನಿ ಎತ್ತಿದ್ದನ್ನು ನಾನು ಟೋಕಿಯೋಗೆ ಬಂದ ಮೇಲೆ ಒಮ್ಮೆಯೂ ಕೇಳಿಲ್ಲ. ಫೋನಿನಲ್ಲಿ ಮಾತನಾಡುವಾಗಲೂ ಎದುರಿಗೆ ಯಾರೋ ನಿಂತಿದ್ದಾರೆ ಎಂಬಂತೆ ತಲೆಬಾಗಿಸುತ್ತಾರೆ. ಇಲ್ಲಿ ಅವರನ್ನು ಅಕ್ಕ ಎನ್ನುತ್ತೇನೆ. ಕಚೇರಿಯಲ್ಲಿ ಹಾಗೆ ಕರೆಯುವಷ್ಟು ಸಲಿಗೆ ನನಗಿಲ್ಲ. ಈ ಅಕ್ಕ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ, ಭಾನುವಾರ ಕುಸ್ತಿ ನೋಡಲು ಬರುತ್ತೀರಾ ಎಂದು ಕೇಳಿದರು. ಯಾವ ಕುಸ್ತಿ ಎಂದೆ. ಹೆಂಗಸರದ್ದು ಎಂದರು.

ದಾವಣಗೆರೆಯಲ್ಲಿ ಬೆಳೆದವಳಿಗೆ ಕುಸ್ತಿ ಹೊಸದಲ್ಲ. ಆದರೆ ಗರಡಿಮನೆಯ ಹೊಸ್ತಿಲು ನಮಗೆ, ಹುಡುಗಿಯರಿಗೆ, ಇರಲಿಲ್ಲ. ಟಿವಿಯ ಅಮೆರಿಕನ್ ಕುಸ್ತಿಯನ್ನು ತಮ್ಮನ ಜೊತೆ ಕೂತು ನೋಡಿದ್ದೆ, ಅದರ ಟ್ರಂಪ್ ಕಾರ್ಡುಗಳಿಗಾಗಿ ಜಗಳವಾಡಿದ್ದೆ. ಅಲ್ಲಿ ಹೆಂಗಸರು ಬಂದರೆ ಅದು ವಿರಾಮದ ಹೊತ್ತು.

ಸುಯಿದೋಬಾಶಿ ನಿಲ್ದಾಣದಲ್ಲಿ ಇಳಿದರೆ ಟೋಕಿಯೋ ಡೋಮ್ ಪಕ್ಕದ ಕಟ್ಟಡದ ಐದನೆಯ ಮಹಡಿಯಲ್ಲಿ ಕೊರಾಕುಯೆನ್ ಹಾಲ್. 1962ರಿಂದ ಇರುವ ಸಭಾಂಗಣ. ಎರಡು ಸಾವಿರದಷ್ಟು ಜನ ಹಿಡಿಸಿದರೆ ಹೆಚ್ಚು, ಆದರೂ ಜಪಾನಿನ ಬಾಕ್ಸರುಗಳಿಗೂ ಕುಸ್ತಿಪಟುಗಳಿಗೂ ಇದೇ ಪುಣ್ಯಕ್ಷೇತ್ರ. ಸೀಟಿನಲ್ಲಿ ಕೂತೊಡನೆ ಅಕ್ಕ ಚೀಲದಿಂದ ಬಣ್ಣದ ಕಾಗದದ ಸುರುಳಿಗಳನ್ನು ತೆಗೆದರು. ನೆಚ್ಚಿನ ಕುಸ್ತಿಪಟುವಿನ ಹೆಸರು ಕೂಗಿದಾಗ ಇವನ್ನು ರಿಂಗಿನತ್ತ ಎಸೆಯಬೇಕು. ಯಾರಿಗೂ ಪೆಟ್ಟಾಗದಿರಲೆಂದು ನಡುವಿನ ಗಟ್ಟಿ ಕೊಳವೆ ತೆಗೆದು, ಸುರುಳಿಯನ್ನು ಮನೆಯಲ್ಲೇ ಮತ್ತೆ ಸುತ್ತಿಕೊಂಡು ಬಂದಿದ್ದರು. ಲೆಕ್ಕ ವಿಭಾಗದವರು ಎಲ್ಲಿದ್ದರೂ ಲೆಕ್ಕ ವಿಭಾಗದವರೇ.

ಅಂದಿನ ಪಂದ್ಯಗಳು ಎಂಬತ್ತರ ದಶಕದ ಹೆಸರಾಂತ ಕುಸ್ತಿಪಟು ಚಿಗುಸಾ ನಗಾಯೊ 2014ರಲ್ಲಿ ಕಟ್ಟಿದ ‘ಮಾರ್ವೆಲಸ್’ ಸಂಸ್ಥೆಯವು. ಅರವತ್ತರ ಆಸುಪಾಸಿನ ಚಿಗುಸಾ ಕಣಕ್ಕಿಳಿಯಲಿಲ್ಲ. ರಿಂಗಿನ ಬದಿಯಲ್ಲಿ ನಿಂತು ಶಿಷ್ಯೆಯರ ಆಟ ನೋಡುತ್ತಿದ್ದರು. ಹಿರಿಯ ಶಿಷ್ಯೆ ತಕುಮಿ ಇರೋಹಾ ಎದುರಾಳಿಯನ್ನು ಹೆಗಲಿಗೇರಿಸಿ ನೆಲಕ್ಕೆ ಅಪ್ಪಳಿಸಿದಾಗ ಎದ್ದ ಸದ್ದು ನನ್ನ ಬೆನ್ನುಮೂಳೆಯಲ್ಲೇ ಹಾದುಹೋಯಿತು. ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದಲ್ಲ ಎಂದು ಮೂಗು ಮುರಿಯುವವರು ಒಮ್ಮೆ ಆ ಸದ್ದು ಕೇಳಬೇಕು. ಇಲ್ಲಿ ಕಲಿಯಲು ಬಂದವರಿಗೆ ಮೊದಲು ಹೇಳಿಕೊಡುವುದು ಬೀಳುವುದನ್ನು. ಸಾವಿರ ಸಲ ಬಿದ್ದ ಮೇಲೆಯೇ ಹೊಡೆಯುವ ಮಾತು.

ಆದರೆ ನಾನು ನೋಡುತ್ತಿದ್ದದ್ದು ಅಕ್ಕನನ್ನೇ. ಕಾರ್ಯಕ್ರಮದ ಕೊನೆಗೆ ಚಿಗುಸಾ ಮೈಕ್ ಹಿಡಿದರು. ಅಕ್ಕ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, “ಚಿಗುಸಾ!” ಎಂದು ಕೂಗಿದರು. ಸಭಾಂಗಣದ ನಾಲ್ಕು ಮೂಲೆಗಳಿಂದ ಅದೇ ವಯಸ್ಸಿನ ಹೆಂಗಸರ ದನಿಗಳು ಅದಕ್ಕೆ ಸೇರಿಕೊಂಡವು.

ಪಂದ್ಯ ಮುಗಿದ ಮೇಲೆ ಹತ್ತಿರದ ಸಣ್ಣ ಹೋಟೆಲಿನಲ್ಲಿ ಅವರು ಕಥೆ ಹೇಳಿದರು. ಚಿಗುಸಾ 1964ರಲ್ಲಿ ನಾಗಾಸಾಕಿ ಪ್ರಾಂತ್ಯದ ಓಮುರಾದಲ್ಲಿ ಹುಟ್ಟಿ, ಹದಿಹರೆಯದಲ್ಲೇ ಟೋಕಿಯೋಗೆ ಬಂದು 1980ರಲ್ಲಿ ‘ಆಲ್ ಜಪಾನ್ ವಿಮೆನ್ಸ್’ ಸಂಸ್ಥೆಯ ಕಣಕ್ಕಿಳಿದವರು. 1983ರಲ್ಲಿ ಲಯನೆಸ್ ಅಸುಕಾ ಜೊತೆ ಸೇರಿ ‘ಕ್ರಶ್ ಗ್ಯಾಲ್ಸ್’ ಜೋಡಿಯಾದರು. ಕುಸ್ತಿಯಾಡಿದರು, ಹಾಡಿದರು, ಧ್ವನಿಮುದ್ರಿಕೆಗಳನ್ನೂ ತಂದರು. ಶಾಲಾ ಹುಡುಗಿಯರು ಹುಚ್ಚೆದ್ದರು. ಅವರೆದುರು ನಿಂತ ಖಳನಾಯಕಿ ಡಂಪ್ ಮತ್ಸುಮೊತೊ: ಮುಖಕ್ಕೆ ಭಯಂಕರ ಬಣ್ಣ, ಕೈಯಲ್ಲಿ ಸರಪಳಿ, ಬಿದಿರಿನ ಕೋಲು. ಆಕೆಯೂ ಚಿಗುಸಾ ಜೊತೆ 1980ರಲ್ಲೇ ಸಂಸ್ಥೆಗೆ ಸೇರಿದವರೇ. ಆಕೆಯೂ ಅಕ್ಕನಂತೆ ಸೈತಾಮಾದವರು. ತಮ್ಮ ಪ್ರಾಂತ್ಯದಲ್ಲಿ ಇಂಥವಳು ಹುಟ್ಟಿದಳಲ್ಲ ಎಂದು ಅಕ್ಕನ ಶಾಲೆಯ ಹುಡುಗಿಯರು ನಾಚಿಕೊಳ್ಳುತ್ತಿದ್ದರಂತೆ.

1985ರ ಆಗಸ್ಟ್ 28ರಂದು ಒಸಾಕಾದಲ್ಲಿ ಇವರಿಬ್ಬರ ಪಂದ್ಯ. ಸೋತವರ ತಲೆ ಅಲ್ಲೇ ಬೋಳಿಸುವುದೆಂಬ ಕರಾರು. ಸೋತದ್ದು ಚಿಗುಸಾ. ಹಣೆಯಿಂದ ರಕ್ತ ಸುರಿಯುತ್ತಿದ್ದ ಅವರನ್ನು ಕುರ್ಚಿಯಲ್ಲಿ ಕೂರಿಸಿ ಕೂದಲು ಕತ್ತರಿಸಿದರು. ಹುಡುಗಿಯರು ಕಿರುಚಿದರು, ಬಿಕ್ಕಿದರು. ಟಿವಿಯ ಮುಂದಿದ್ದ ಹದಿಮೂರರ ಅಕ್ಕ ಮರುದಿನ ಊಟ ಮುಟ್ಟಲಿಲ್ಲವಂತೆ.

ಆ ದೃಶ್ಯದ ತುಣುಕನ್ನು ಅವರು ಮೊಬೈಲಿನಲ್ಲಿ ತೋರಿಸಿದರು. ನನಗೆ ನೆನಪಾದದ್ದು ನಮ್ಮ ಮನೆಯ ಒಂದು ಹಳೆಯ ಫೋಟೊ: ಮುತ್ತಜ್ಜಿ, ಮಡಿಯ ಕೆಂಪು ಸೀರೆಯ ಸೆರಗು ಬೋಳುತಲೆಯ ಮೇಲೆ. ಗಂಡ ಸತ್ತಾಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. ನಮ್ಮಲ್ಲಿ ಹೆಣ್ಣಿನ ತಲೆ ಬೋಳಿಸುವುದೆಂದರೆ ಒಂದು ತಿರುಪತಿ, ಇನ್ನೊಂದು ಇದು. ಕ್ಷೌರಿಕ ಬಂದ ದಿನ ಮುತ್ತಜ್ಜಿಯನ್ನು ಯಾರೂ ಕೇಳಿರಲಿಲ್ಲ. ಚಿಗುಸಾ ಕರಾರಿಗೆ ಒಪ್ಪಿ, ಸಾವಿರಾರು ಜನರ ಎದುರು ಹೋಗಿ ನಿಂತವರು. ಫಲಿತಾಂಶವನ್ನು ಯಾರು ತೀರ್ಮಾನಿಸಿದ್ದರೇನು, ತಲೆ ಅವರದು, ಒಪ್ಪಿಗೆಯೂ ಅವರದು. ಮುಂದಿನ ವರ್ಷ ನವೆಂಬರಿನಲ್ಲಿ ಅದೇ ಒಸಾಕಾದಲ್ಲಿ ಡಂಪ್ ಸೋತು ತಲೆ ಬೋಳಿಸಿಕೊಂಡರು. ಮುತ್ತಜ್ಜಿಗೆ ಮರುಪಂದ್ಯ ಇರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನಗೂ ಚಿಗುಸಾ ವೀರವನಿತೆಯೇ. ಆದರೆ ಹೋಗುವ ಮುನ್ನ ಅವರ ಬಗ್ಗೆ ಹುಡುಕಿದಾಗ 2000ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರ ಸಿಕ್ಕಿತ್ತು. ಹಳೆಯ ಸಂಸ್ಥೆಯಲ್ಲಿ ಇಪ್ಪತ್ತೈದರ ಸುಮಾರಿಗೆ ಹೆಂಗಸರು ಆಟ ಬಿಡಬೇಕೆಂಬ ಪದ್ಧತಿ ಇತ್ತು. ಚಿಗುಸಾ 1989ರಲ್ಲಿ ಹಾಗೆಯೇ ಹೊರನಡೆದು, 1993ರಲ್ಲಿ ಮರಳಿ, ‘ಗಾಯಾ ಜಪಾನ್’ ಎಂಬ ತಮ್ಮದೇ ಸಂಸ್ಥೆ ಕಟ್ಟಿದರು. ಅದರ ಮೊದಲ ಪ್ರದರ್ಶನ 1995ರ ಏಪ್ರಿಲ್ 15ರಂದು, ಇದೇ ಕೊರಾಕುಯೆನ್‌ನಲ್ಲಿ. ಸಾಕ್ಷ್ಯಚಿತ್ರ ಆ ಸಂಸ್ಥೆಯ ತರಬೇತಿಯದು. ಬಾಯಲ್ಲಿ ರಕ್ತ ತುಂಬಿಕೊಂಡು ಅಳುವ ಹುಡುಗಿ, ಅವಳ ಕೆನ್ನೆಗೆ ಬಾರಿಸಿ ಬೈಯುವ ಚಿಗುಸಾ. ಅಲ್ಲಿ ಕರಾರು ಕಾಣಲಿಲ್ಲ. ಕಲಿಯಬೇಕೆಂದು ಬಂದವಳ ಹಸಿವು ಮತ್ತು ಕಲಿಸುವವರ ಕೈ, ಇಷ್ಟೇ.

ಅದೇ ಗರಡಿಯಿಂದ ಮೇಕೊ ಸತೊಮುರಾ ಬಂದರು ಎಂಬುದೂ ನಿಜ. ಮೊದಲ ದಿನ ಕಣಕ್ಕಿಳಿದಾಗ ಅವರಿಗೆ ಹದಿನೈದು ವರ್ಷ. ಸೆಂದಾಯ್‌ನಲ್ಲಿ ತಮ್ಮದೇ ಸಂಸ್ಥೆ ಬೆಳೆಸಿ 2025ರಲ್ಲಿ, ನಲವತ್ತೈದರಲ್ಲಿ, ತಾವಾಗಿ ನಿವೃತ್ತರಾದರು. ಇಪ್ಪತ್ತೈದಕ್ಕೆ ಮುಗಿಯುತ್ತಿದ್ದ ಬದುಕು ನಲವತ್ತೈದರವರೆಗೆ ಬಂದದ್ದರಲ್ಲಿ ಚಿಗುಸಾ ಪಾಲು ದೊಡ್ಡದು. ಆದರೆ ಒಳ್ಳೆಯ ಶಿಷ್ಯೆಯನ್ನು ತೋರಿಸಿ ಹೊಡೆತವನ್ನು ಸಮರ್ಥಿಸುವ ಮಾತನ್ನು ನಮ್ಮ ಸಂಗೀತ ಮೇಷ್ಟರುಗಳಿಂದ ಹಿಡಿದು ಎಲ್ಲರ ಬಾಯಲ್ಲೂ ಕೇಳಿ ಸಾಕಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ.

ಅಕ್ಕನಿಗೆ ಹೇಳಿದೆ. ಅವರು ವಾದಿಸಲಿಲ್ಲ. 2018ರಲ್ಲಿ ಸಪ್ಪೊರೊದಲ್ಲಿ ಗಂಡಸೊಬ್ಬ ಹೆಂಗಸನ್ನು ಹೊಡೆಯುತ್ತಿದ್ದಾಗ ಚಿಗುಸಾ ನಡುವೆ ಹೋಗಿ ತಡೆದದ್ದನ್ನು ಹೇಳಿದರು. ಆತ ಅವರ ಕೂದಲು ಹಿಡಿದೆಳೆದ. ಕುಸ್ತಿಯವರು ಹೊರಗೆ ಕೈ ಮಾಡಬಾರದೆಂದು ಚಿಗುಸಾ ತಿರುಗಿ ಹೊಡೆಯಲಿಲ್ಲ. ಇದು ನನ್ನ ಮಾತಿಗೆ ಉತ್ತರವಲ್ಲ ಎಂದು ಅಕ್ಕನಿಗೂ ಗೊತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, “ನನ್ನ ಮಗಳನ್ನು ಅಲ್ಲಿಗೆ ಕಳುಹಿಸುತ್ತಿರಲಿಲ್ಲ. ನಾನಾದರೆ ಹೋಗುತ್ತಿದ್ದೆ” ಎಂದರು. ಶಾಲೆಯ ಕೊನೆಯ ವರ್ಷ ಆಯ್ಕೆ ಪರೀಕ್ಷೆಗೆ ಅರ್ಜಿ ತುಂಬಿಯೂ ಇಟ್ಟಿದ್ದರಂತೆ. ಅಮ್ಮನ ಕೈಗೆ ಸಿಕ್ಕಿ ಅದು ಹರಿದುಹೋಯಿತು.

ಹಾಗಿದ್ದರೆ ಕುಸ್ತಿಗೊಂದು ಹೆಸರನ್ನೂ ಆಗಲೇ ಆರಿಸಿಟ್ಟಿದ್ದಿರಾ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು. ಇನ್ನೊಂದು ಬಿಯರ್ ತರಿಸಿಕೊಟ್ಟರೂ ಆ ಹೆಸರು ಮಾತ್ರ ಬಾಯಿಬಿಡಲಿಲ್ಲ.